ಹೂವಿನೊಳಗಿನ ಥ್ರಿಪ್ಸ್: ಎಷ್ಟು ಹೊಡೆದರೂ ಏಕೆ ಬಗ್ಗುತ್ತಿಲ್ಲ?

ಮೆಣಸಿನ ಗಿಡದ ಕುಡಿ ಎಲೆ ದೋಣಿಯಂತೆ ಮೇಲಕ್ಕೆ ಮಡಚಿಕೊಂಡರೆ ಥ್ರಿಪ್ಸ್ ನುಸಿ, ಅಂಚು ಕೆಳಕ್ಕೆ ಬಾಗಿದರೆ ಮೈಟ್ ನುಸಿ. ಹಾವೇರಿ, ಗದಗ, ಧಾರವಾಡ ಸೀಮೆಯ ಮೆಣಸಿನಕಾಯಿ ಬೆಳೆಗಾರರಿಗೆ ಈ ಗುರುತು ಹಿರಿಯರಿಂದ ಬಂದದ್ದು. ಎರಡೂ ಒಟ್ಟಿಗೆ ಬಿದ್ದು ಗಿಡ ಮುದುಡಿ ಕುಳಿತರೆ ಮುಟುರು ರೋಗ ಎನ್ನುತ್ತಾರೆ. ಬ್ಯಾಡಗಿಯ ಡಬ್ಬಿ, ಕಡ್ಡಿ ತಳಿಗಳು ಈ ಮುಟುರಿನ ಜೊತೆಗೇ ಬದುಕಿ ಬಂದಿವೆ. ಮಳೆ ಚೆನ್ನಾಗಿ ಹಿಡಿದ ವರ್ಷ ನುಸಿ ತೊಳೆದು ಹೋಗುತ್ತಿತ್ತು, ಮಳೆ ಕೈಕೊಟ್ಟ ವರ್ಷ ಇಳುವರಿ ಕುಸಿಯುತ್ತಿತ್ತು. ನಷ್ಟವಿತ್ತು, ಆದರೆ ಅದಕ್ಕೊಂದು ಲೆಕ್ಕವೂ ಇತ್ತು.

2021ರ ಹಂಗಾಮಿನಲ್ಲಿ ಆ ಲೆಕ್ಕ ತಪ್ಪಿತು. ಆಂಧ್ರದ ಗುಂಟೂರು, ತೆಲಂಗಾಣದ ಖಮ್ಮಂ, ನಮ್ಮ ಬಳ್ಳಾರಿ, ರಾಯಚೂರು ಕಡೆಯ ನೀರಾವರಿ ಮೆಣಸಿನಕಾಯಿ ಹೊಲಗಳಲ್ಲಿ ಎಲೆ ಮಡಚುವುದಕ್ಕಿಂತ ಹೂ ಉದುರುವುದೇ ಹೆಚ್ಚಾಯಿತು. ಅರಳಿದ ಒಂದು ಹೂ ಕಿತ್ತು ಬಿಳಿ ಕಾಗದದ ಮೇಲೆ ಕೊಡವಿದರೆ ಕಂದುಗಪ್ಪು ಹುಳುಗಳು ಹತ್ತಾರು ಬಿದ್ದು ನಾಲ್ಕೂ ಕಡೆ ಹರಿಯುತ್ತಿದ್ದವು. ಉಳಿದ ಹೂ ಕಾಯಿ ಕಟ್ಟಿದರೂ ಕಾಯಿ ಸೊಟ್ಟಗಾಗಿ ಮೈಮೇಲೆ ಒರಟು ಗೆರೆ ಎದ್ದಿರುತ್ತಿದ್ದವು. ಹಳೆಯ ಹಳದಿ ಥ್ರಿಪ್ಸ್‌ಗೆ ಹೊಡೆಯುತ್ತಿದ್ದ ಔಷಧಗಳನ್ನೇ ಮತ್ತೆ ಮತ್ತೆ ಹೊಡೆದು ಕೈಸೋತ ರೈತರು ನಿಂತ ಬೆಳೆಯನ್ನೇ ಹರಗಿ ಹಾಕಿದರು. ಎಕರೆಗೆ ಸಾಲ ಮಾಡಿ ಹೈಬ್ರಿಡ್ ಬೀಜ, ಡ್ರಿಪ್, ಮಲ್ಚಿಂಗ್ ಹಾಳೆಗೆ ಸುರಿದವರ ಪಾಡು ಏನಾಗಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಹುಳು ಥ್ರಿಪ್ಸ್ ಪಾರ್ವಿಸ್ಪೈನಸ್. ಥಾಯ್ಲೆಂಡಿನಿಂದ ಬಂದ ಮಾದರಿಗಳನ್ನು ನೋಡಿ ಕಾರ್ನಿ ಎಂಬ ಕೀಟತಜ್ಞ 1922ರಲ್ಲಿ ಅದಕ್ಕೆ ಹೆಸರಿಟ್ಟಿದ್ದ. ಇಂಡೊನೇಷ್ಯಾದಲ್ಲಿ ಮೆಣಸಿನಕಾಯಿಗೆ ಅದು ಹಳೆಯ ಪೀಡೆ. ಭಾರತದಲ್ಲಿ ಅದು ಇದೆಯೆಂಬ ಮೊದಲ ವರದಿ ಬಂದದ್ದು 2015ರಲ್ಲಿ, ಅದೂ ಬೆಂಗಳೂರಿನ ಪಪ್ಪಾಯಿ ಗಿಡಗಳಿಂದ. ಅಂದರೆ ಗುಂಟೂರಿನಲ್ಲಿ ಹಾಹಾಕಾರ ಏಳುವುದಕ್ಕೆ ಆರು ವರ್ಷ ಮೊದಲೇ ನಮ್ಮ ರಾಜಧಾನಿಯ ಅಂಗಳದಲ್ಲಿ ಅದು ಗುರುತಾಗಿತ್ತು. ನಡುವಿನ ವರ್ಷಗಳಲ್ಲಿ ಡೇಲಿಯಾ ಹೂವಿನಲ್ಲೂ ಸಿಕ್ಕಿತು. ಪಪ್ಪಾಯಿಯಿಂದ ಮೆಣಸಿನಕಾಯಿಗೆ ಅದು ದಾಟಬಹುದೆಂದು ಇಂಡೊನೇಷ್ಯಾದ ಅನುಭವ ಹೇಳುತ್ತಿದ್ದರೂ ಆ ಎಚ್ಚರಿಕೆ ಪ್ರಯೋಗಾಲಯದಿಂದ ಹೊಲದ ಬದುವಿಗೆ ಇಳಿಯಲಿಲ್ಲ. ಈ ಲೇಖನಕ್ಕೆ ನನ್ನನ್ನು ಹಚ್ಚಿದ ಸಂಗತಿ ಇದೇ. ಥ್ರಿಪ್ಸ್ ಬಗ್ಗೆ ನಮ್ಮಲ್ಲಿ ಜ್ಞಾನದ ಕೊರತೆ ಅಷ್ಟಿಲ್ಲ. ಹುಳುವಿನ ಬಾಳುವೆ ನಾಲ್ಕು ಕಡೆ ಹರಡಿರುವಾಗ ನಾವು ಒಂದೇ ಕಡೆ, ಒಂದೇ ಆಯುಧದಿಂದ ಹೊಡೆಯುತ್ತಿದ್ದೇವೆ.

ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಬೆಳೆದ ಥ್ರಿಪ್ಸ್ ಸುಮಾರು ಒಂದು ಮಿಲಿಮೀಟರ್ ಉದ್ದ, ಕಡ್ಡಿಯಂತೆ ಸಪೂರ. ರೆಕ್ಕೆಯ ಹಲಗೆ ಇಲ್ಲವೆಂಬಷ್ಟು ಕಿರಿದು, ಅದರ ಎರಡೂ ಅಂಚಿಗೆ ಉದ್ದುದ್ದ ಕೂದಲು. ಇಷ್ಟು ಸಣ್ಣ ಜೀವಿಗೆ ಗಾಳಿ ಮಂದವಾದ ದ್ರವದ ಹಾಗೆ ವರ್ತಿಸುವುದರಿಂದ ಕೂದಲಂಚಿನ ಈ ರೆಕ್ಕೆಯೇ ಸಾಕು. ಸ್ವಂತ ಬಲದಿಂದ ಹೆಚ್ಚು ದೂರ ಹಾರಲಾರದು, ಆದರೆ ಗಾಳಿಗೆ ಸಿಕ್ಕರೆ ಊರು ದಾಟುತ್ತದೆ. ಪಾದದ ತುದಿಯಲ್ಲಿ ಉಬ್ಬಿ ತಗ್ಗುವ ಚಿಕ್ಕ ಗುಳ್ಳೆಯಿದ್ದು ನುಣುಪಾದ ಎಲೆಯ ಮೇಲೂ ಜಾರದೆ ನಡೆಯಲು ನೆರವಾಗುತ್ತದೆ. ಬಾಯಿಯದು ಇನ್ನೂ ವಿಚಿತ್ರ ರಚನೆ. ಎಡದವಡೆ ಮಾತ್ರ ಬೆಳೆದಿದೆ, ಬಲದವಡೆ ಇಲ್ಲ. ಎಡದವಡೆಯಿಂದ ಎಲೆಯ ಹೊರಪದರಕ್ಕೆ ತೂತು ಕೊರೆದು, ಕೊಳವೆಯಾಗಿ ಕೂಡಿಕೊಳ್ಳುವ ಎರಡು ಸೂಜಿಗಳನ್ನು ಇಳಿಸಿ ಒಂದೊಂದೇ ಜೀವಕೋಶದ ರಸ ಹೀರುತ್ತದೆ. ಬರಿದಾದ ಕೋಶದೊಳಗೆ ಗಾಳಿ ತುಂಬಿಕೊಂಡು ಆ ಜಾಗ ಬೆಳ್ಳಿಯಂತೆ ಹೊಳೆಯುತ್ತದೆ. ಈರುಳ್ಳಿ ಗರಿಯ ಮೇಲೆ ಕಾಣುವ ಬಿಳಿ ಚುಕ್ಕೆ, ಗೆರೆಗಳು ಇವೇ. ಪಕ್ಕದಲ್ಲೇ ಕಾಣುವ ಕರಿ ಚುಕ್ಕೆಗಳು ಹುಳುವಿನ ಹಿಕ್ಕೆ.

ಬೆಳೆಯನ್ನು ಕಾಡುವ ಥ್ರಿಪ್ಸ್‌ಗಳಲ್ಲಿ ಬಹುಪಾಲಿಗೆ ಗರಗಸದಂಥ ಮೊಟ್ಟೆನಾಳವಿದೆ. ಹೆಣ್ಣು ಅದರಿಂದ ಎಲೆಯನ್ನೋ ಹೂವಿನ ಎಸಳನ್ನೋ ಸೀಳಿ ಮೊಟ್ಟೆಯನ್ನು ಒಳಗೇ ತೂರಿಸುತ್ತದೆ. ಮೇಲೆ ಬಿದ್ದ ಔಷಧ ಅಲ್ಲಿಗೆ ತಲುಪುವುದು ಕಷ್ಟ. ಮೊಟ್ಟೆಯೊಡೆದ ಮರಿಗಳು ಎರಡು ಹಂತ ರಸ ಹೀರಿ ಬೆಳೆಯುತ್ತವೆ, ಅದೂ ಮಡಚಿದ ಕುಡಿಯ ಸಂದಿನಲ್ಲಿ ಅಥವಾ ಹೂವಿನ ಬುಡದಲ್ಲಿ. ಆಮೇಲೆ ಬಹಳಷ್ಟು ಪ್ರಭೇದಗಳ ಮರಿಗಳು ಗಿಡದಿಂದ ಉದುರಿ ಮಣ್ಣು, ಕಸಕಡ್ಡಿಯೊಳಗೆ ಸೇರಿ ಎರಡು ಹಂತದ ಕೋಶಾವಸ್ಥೆ ಕಳೆಯುತ್ತವೆ. ಆ ದಿನಗಳಲ್ಲಿ ಏನೂ ತಿನ್ನುವುದಿಲ್ಲ. ಎಲೆಗೆ ಹೊಡೆದ ವಿಷ ತಿಂದು ಸಾಯುವ ಮಾತೇ ಇಲ್ಲ. ಬೆಚ್ಚಗಿನ ಹವೆಯಲ್ಲಿ ಈ ಇಡೀ ಚಕ್ರ ಎರಡರಿಂದ ಮೂರು ವಾರದಲ್ಲಿ ಮುಗಿಯುತ್ತದೆ. ಯಾವುದೇ ಒಂದು ದಿನ ಹೊಲಕ್ಕೆ ಎಣ್ಣೆ ಹೊಡೆದರೂ ಅವುಗಳ ಸಂಸಾರದ ಒಂದು ಪಾಲು ಎಲೆಯೊಳಗೆ, ಇನ್ನೊಂದು ಪಾಲು ಮಣ್ಣಿನಲ್ಲಿ, ಮತ್ತೊಂದು ಪಾಲು ಬದುವಿನ ಕಳೆಯ ಮೇಲೆ ಸುರಕ್ಷಿತವಾಗಿರುತ್ತದೆ. ನಾಲ್ಕೈದು ದಿನ ಹೊಲ ಶುಚಿಯಾಗಿ ಕಂಡು ಮತ್ತೆ ಹುಳು ಎದ್ದರೆ ಔಷಧ ನಕಲಿಯೆಂದು ರೈತ ಅಂಗಡಿಯವನನ್ನು ಬೈಯುತ್ತಾನೆ. ಹಲವು ಬಾರಿ ಔಷಧ ನಕಲಿಯೇ ಇರಬಹುದು. ಅಸಲಿ ಇದ್ದರೂ ಆಗುವುದು ಇಷ್ಟೇ.

ಇನ್ನು ಸಂತಾನದ ವಿಚಾರ. ಥ್ರಿಪ್ಸ್‌ಗಳಲ್ಲಿ ಸಾಮಾನ್ಯವಾಗಿ ಕೂಡದೆ ಇಟ್ಟ ಮೊಟ್ಟೆಯಿಂದ ಗಂಡು, ಕೂಡಿ ಇಟ್ಟ ಮೊಟ್ಟೆಯಿಂದ ಹೆಣ್ಣು ಹುಟ್ಟುತ್ತದೆ. ಗಾಳಿಯಲ್ಲಿ ತೇಲಿ ಬಂದ ಒಂಟಿ ಹೆಣ್ಣೂ ವಂಶ ಆರಂಭಿಸಬಲ್ಲದು. ಈರುಳ್ಳಿ ಥ್ರಿಪ್ಸ್‌ನ ಎಷ್ಟೋ ಗುಂಪುಗಳಲ್ಲಿ ಗಂಡೇ ಇಲ್ಲ, ಹೆಣ್ಣು ಹೆಣ್ಣನ್ನೇ ಹೆರುತ್ತದೆ. ಗಂಡಿಗೆ ವರ್ಣತಂತುಗಳ ಒಂದೊಂದೇ ಪ್ರತಿ ಇರುವುದರಿಂದ ಮತ್ತೊಂದು ತೊಂದರೆಯಿದೆ. ವಿಷವನ್ನು ತಡೆದುಕೊಳ್ಳುವ ಗುಣ ಒಂದು ಗಂಡಿನಲ್ಲಿ ಬಂದರೆ ಅದನ್ನು ಮರೆಮಾಡುವ ಇನ್ನೊಂದು ಪ್ರತಿಯಿಲ್ಲ. ವಿಷ ಬಿದ್ದಾಗ ಆ ಗುಣವಿಲ್ಲದವು ಸತ್ತು, ಇರುವವು ಉಳಿದು, ಕೆಲವೇ ತಲೆಮಾರಿನಲ್ಲಿ ಇಡೀ ಹೊಲ ಅವುಗಳದ್ದಾಗುತ್ತದೆ. ಜಗತ್ತಿನ ಎಷ್ಟೋ ಕಡೆ ಹಸಿರುಮನೆಗಳಲ್ಲಿ ಸ್ಪೈನೋಸಾಡ್‌ನಂಥ ಒಳ್ಳೆಯ ಔಷಧವೂ ಥ್ರಿಪ್ಸ್ ಮೇಲೆ ಕೆಲಸ ಕಳೆದುಕೊಂಡಿರುವುದಕ್ಕೆ ಒಂದು ಕಾರಣ ಇದು.

ವಿಷ ಹೊಡೆದದ್ದಕ್ಕೇ ಥ್ರಿಪ್ಸ್ ಹೆಚ್ಚಾದ ಉದಾಹರಣೆಗಳೂ ಇವೆ. ಥ್ರಿಪ್ಸ್ ಪಾಮಿ ಎಂಬ ಪ್ರಭೇದಕ್ಕೆ ಕಾರ್ನಿ 1925ರಲ್ಲಿ ಸುಮಾತ್ರಾದ ತಂಬಾಕು ಗಿಡದಿಂದ ಹೆಸರಿಟ್ಟಾಗ ಅದನ್ನು ಯಾರೂ ದೊಡ್ಡ ಪೀಡೆಯೆಂದು ಎಣಿಸಿರಲಿಲ್ಲ. 1970ರ ದಶಕದ ಕೊನೆಗೆ ಅದು ಆಗ್ನೇಯ ಏಷ್ಯಾದ ತರಕಾರಿ ಹೊಲಗಳಲ್ಲಿ ಹುಚ್ಚೆದ್ದು ಹರಡಿ 1978ರಲ್ಲಿ ಜಪಾನಿಗೂ ಕಾಲಿಟ್ಟಿತು. ಜಪಾನಿನ ಬದನೆ ಹೊಲಗಳಲ್ಲಿ ನಡೆದ ಅಧ್ಯಯನಗಳು ಕಣ್ಣು ತೆರೆಸುವಂಥವು. ಓರಿಯಸ್ ಎಂಬ ಪುಟ್ಟ ಬೇಟೆಗಾರ ತಿಗಣೆ ಇದ್ದ ಕಡೆ ಥ್ರಿಪ್ಸ್ ಹತೋಟಿಯಲ್ಲಿತ್ತು. ತಿಗಣೆಯನ್ನು ಕೊಂದು ಥ್ರಿಪ್ಸ್‌ಗೆ ನಾಟದ ಔಷಧ ಹೊಡೆದ ಕಡೆ ಥ್ರಿಪ್ಸ್ ಏರಿತು. ನಮ್ಮ ಮೆಣಸಿನಕಾಯಿ, ಸೇವಂತಿಗೆ ಹೂಗಳಲ್ಲೂ ಓರಿಯಸ್ ಸಿಗುತ್ತದೆ. ಥ್ರಿಪ್ಸ್‌ಗಿಂತ ತುಸು ದಪ್ಪಗಿದ್ದು, ಬೆನ್ನ ಮೇಲೆ ಕಪ್ಪು ಬಿಳಿ ಗುರುತಿರುತ್ತದೆ. ಅದನ್ನೂ ಪೀಡೆಯೆಂದೇ ಬಗೆದು ಹೊಡೆಯುವವರೇ ಹೆಚ್ಚು. ಕೀಟಶಾಸ್ತ್ರ ಓದದವರಿಗೆ ಅದನ್ನು ಯಾರೂ ತೋರಿಸಿಲ್ಲ, ಅದು ಅವರ ತಪ್ಪಲ್ಲ.

ರಸ ಹೀರುವುದರಿಂದ ಆಗುವ ನಷ್ಟಕ್ಕಿಂತ ಥ್ರಿಪ್ಸ್ ಹೊತ್ತು ತರುವ ನಂಜಿನ, ಅಂದರೆ ವೈರಸ್ಸಿನ, ನಷ್ಟ ಎಷ್ಟೋ ಬಾರಿ ದೊಡ್ಡದು. ಕೋಲಾರದ ಟೊಮೆಟೊ ಹೊಲಗಳಲ್ಲಿ ಎಳೆಯ ಎಲೆ ಕಂಚಿನ ಬಣ್ಣಕ್ಕೆ ತಿರುಗಿ, ಕುಡಿ ಒಣಗಿ, ಹಣ್ಣಿನ ಮೇಲೆ ಉಂಗುರದ ಗುರುತು ಬೀಳುವುದು ಶೇಂಗಾದ ಕುಡಿ ಸಾಯುವ ರೋಗದ ನಂಜಿನಿಂದಲೇ. ಕಲ್ಲಂಗಡಿಗೆ ಅದರ ಹತ್ತಿರದ ಸಂಬಂಧಿ ನಂಜು ಬರುತ್ತದೆ. ಇವೆರಡನ್ನೂ ಮುಖ್ಯವಾಗಿ ಹರಡುವುದು ಥ್ರಿಪ್ಸ್ ಪಾಮಿ. ನಂಜು ಹಿಡಿದ ಗಿಡದಲ್ಲಿ ಮರಿಯಾಗಿದ್ದಾಗ ರಸ ಹೀರಿದ ಹುಳು ಮಾತ್ರ ರೋಗ ಹರಡಬಲ್ಲದು. ಬೆಳೆದ ಮೇಲೆ ರೋಗದ ಗಿಡದ ಮೇಲೆ ಕುಳಿತು ಹೀರಿದರೂ ಅದರಿಂದ ಹರಡುವುದಿಲ್ಲ. ಮರಿಯ ದೇಹದೊಳಗೆ ನಂಜು ತಾನೂ ಹೆಚ್ಚುತ್ತದೆ, ಹುಳು ಸಾಯುವವರೆಗೆ ಅದರ ಜೊಲ್ಲಿನಲ್ಲಿರುತ್ತದೆ. ಆದರೆ ತಾಯಿಯಿಂದ ಮೊಟ್ಟೆಗೆ ಹೋಗುವುದಿಲ್ಲ. ಹೊಸ ತಲೆಮಾರು ರೋಗವಿಲ್ಲದೆ ಹುಟ್ಟಿ, ರೋಗದ ಗಿಡ ಸಿಕ್ಕಾಗ ಮಾತ್ರ ಅದನ್ನು ಪಡೆಯುತ್ತದೆ. ಇದರಿಂದ ರೈತನಿಗೆ ಸಿಗುವ ದಾರಿ ನೇರವಾದದ್ದು. ನಾಟಿಯಾದ ಮೊದಲ ವಾರಗಳಲ್ಲೇ ರೋಗದ ಗಿಡ ಕಿತ್ತು ಹಾಕಿದರೆ ಮರಿಗಳಿಗೆ ನಂಜಿನ ಮೂಲ ತಪ್ಪುತ್ತದೆ. ಬೇರೆ ಹೊಲದಲ್ಲಿ ನಂಜು ಪಡೆದು ಹಾರಿ ಬಂದ ಹುಳು ಹೊಡೆದ ಔಷಧಕ್ಕೆ ಸಾಯುವ ಮೊದಲೇ ಚುಚ್ಚಿ ಕೆಲಸ ಮುಗಿಸಿರುತ್ತದೆ. ಸಿಂಪಡಣೆ ಆ ರೋಗವನ್ನು ತಡೆಯುವುದು ಅಪರೂಪ.

ಇನ್ನೊಂದು ಬಗೆಯ ನಂಜಿನ ಕಥೆ ನಮ್ಮ ನೆಲದ್ದೇ. 1997ರಲ್ಲಿ ಬಾಗೇಪಲ್ಲಿ ಕಡೆಯ ಸೂರ್ಯಕಾಂತಿ ಹೊಲಗಳಲ್ಲಿ ಎಲೆ, ಕಾಂಡ, ತೆನೆ ಕಪ್ಪಾಗಿ ಸಾಯುವ ರೋಗ ಮೊದಲು ಕಂಡಿತು. ಮುಂದೆ 2000ರಲ್ಲಿ ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಅದೇ ನಂಜು ಶೇಂಗಾಕ್ಕೆ ಬಿದ್ದು ಸುಮಾರು 2.25 ಲಕ್ಷ ಹೆಕ್ಟೇರಿನಲ್ಲಿ ಬೆಳೆ ಹಾಳಾಯಿತು, ನಷ್ಟ 300 ಕೋಟಿ ರೂಪಾಯಿ ಮೀರಿತು. ತಂಬಾಕಿನ ಗೆರೆ ನಂಜು ಎಂದು ಗುರುತಾದ ಈ ರೋಗದ ಮೂಲವನ್ನು ಹುಡುಕಿದಾಗ ಸಿಕ್ಕದ್ದು ಪಾರ್ಥೇನಿಯಂ, ನಮ್ಮ ಹಳ್ಳಿಗಳ ಕಾಂಗ್ರೆಸ್ ಕಳೆ. ನಂಜು ಹೊತ್ತ ಪಾರ್ಥೇನಿಯಂ ಗಿಡ ನೋಡಲು ಆರೋಗ್ಯವಾಗಿಯೇ ಇರುತ್ತದೆ, ಮಳೆ ಬಿದ್ದಾಗಲೆಲ್ಲ ಹೂ ಬಿಡುತ್ತದೆ. ಅದರ ಪರಾಗದಲ್ಲಿ ನಂಜಿದೆ. ಥ್ರಿಪ್ಸ್ ಹೂವಿನೊಳಗೆ ಓಡಾಡುವಾಗ ಪರಾಗ ಮೈಗಂಟುತ್ತದೆ. ಪಕ್ಕದ ಸೂರ್ಯಕಾಂತಿ ಅಥವಾ ಶೇಂಗಾದ ಎಲೆಗೆ ಹೋಗಿ ಅದು ಚುಚ್ಚಿದ ಗಾಯಕ್ಕೆ ಆ ಪರಾಗ ಬಿದ್ದರೆ ನಂಜು ಒಳ ಸೇರುತ್ತದೆ. ಹುಳುವಿನ ಜೊಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಹೊಲದ ನಡುವೆ ಎಷ್ಟು ಎಣ್ಣೆ ಹೊಡೆದರೂ ರಸ್ತೆ ಬದಿಯ ಪಾರ್ಥೇನಿಯಂ ಹಾಗೇ ನಿಂತಿದ್ದರೆ ರೋಗ ನಿಲ್ಲದು. ವಿಜ್ಞಾನಿಗಳು ಸೂಚಿಸಿದ ಪರಿಹಾರ ಬೀಜೋಪಚಾರ, ಹೂ ಬಿಡುವ ಮುನ್ನ ಕಳೆ ಕೀಳುವುದು, ಹೊಲದ ಸುತ್ತ ಕೆಲವು ಸಾಲು ಜೋಳ ಅಥವಾ ಸಜ್ಜೆ ಬಿತ್ತುವುದು. ಎತ್ತರದ ಜೋಳ ಗಾಳಿಯಲ್ಲಿ ಬರುವ ಹುಳುವನ್ನು ತಡೆಯುತ್ತದೆ. ನನ್ನ ಮಟ್ಟಿಗೆ ಥ್ರಿಪ್ಸ್ ಕುರಿತು ಇಷ್ಟು ಸ್ಪಷ್ಟವಾಗಿ ಬದುವಿನ ಕಡೆ ಬೆರಳು ತೋರಿಸುವ ಪಾಠ ಇನ್ನೊಂದಿಲ್ಲ.

ಉಳಿದ ಬೆಳೆಗಳ ಪಟ್ಟಿ ಉದ್ದವಿದೆ. ವಿಜಯಪುರದ ದ್ರಾಕ್ಷಿ ಕಾಯಿಗೂ ಕೊಪ್ಪಳದ ದಾಳಿಂಬೆಗೂ ಬೀಳುವ ಒರಟು ಕಲೆ, ಸಕಲೇಶಪುರ ಮತ್ತು ಕೊಡಗಿನ ಏಲಕ್ಕಿ ಕಾಯಿಯ ಮೇಲಿನ ಹುರುಕು, ಕರಿಮೆಣಸಿನ ಬಳ್ಳಿಯಲ್ಲಿ ಎಲೆಯಂಚು ಸುರುಳಿಯಾಗಿ ಗಂಟಾಗುವುದು, ಎಲ್ಲವೂ ಬೇರೆ ಬೇರೆ ಥ್ರಿಪ್ಸ್‌ಗಳ ಕೆಲಸ. ಏಲಕ್ಕಿಯಲ್ಲಿ ಹುರುಕು ಬಿದ್ದ ಕಾಯಿಗೆ ಹರಾಜಿನಲ್ಲಿ ದರ ಇಳಿಯುತ್ತದೆ. ರಾಮನಗರದ ಹಿಪ್ಪುನೇರಳೆ ತೋಟಗಳ ಸಂಗತಿ ಬೇರೆ. ಅಲ್ಲಿ ಎಲೆಯ ಮೇಲೆ ವಿಷದ ಅಂಶ ಉಳಿದರೆ ರೇಷ್ಮೆ ಹುಳುವೇ ಸಾಯುತ್ತದೆ. ಹಾಗಾಗಿ ಜೋರಾಗಿ ನೀರು ಹಾಯಿಸಿ ನುಸಿ ತೊಳೆಯುವುದು, ತುಂತುರು ನೀರಾವರಿ, ಕೀಟಭಕ್ಷಕ ಹುಳು ಬಿಡುವುದು ಮುಂತಾದ ದಾರಿಗಳನ್ನು ಅಲ್ಲಿ ಹೇಳಿಕೊಡಲಾಗುತ್ತದೆ. ವಿಷಕ್ಕೆ ಅವಕಾಶ ಕಡಿಮೆಯಿದ್ದಲ್ಲಿ ಬೇರೆ ಉಪಾಯ ಹುಟ್ಟಿಕೊಂಡಿದೆ ಎಂಬುದನ್ನು ಮೆಣಸಿನಕಾಯಿ ಬೆಳೆಗಾರರು ಗಮನಿಸಬೇಕು.

ಥ್ರಿಪ್ಸ್‌ಗಳೆಲ್ಲ ಪೀಡೆಯೆಂಬ ನಂಬಿಕೆ ಮಾತ್ರ ತಪ್ಪು. ಜಗತ್ತಿನಲ್ಲಿ ಹೆಸರು ಪಡೆದವು 6000ಕ್ಕೂ ಹೆಚ್ಚು, ಭಾರತದಲ್ಲಿ 700ಕ್ಕೂ ಹೆಚ್ಚು. ಅವುಗಳಲ್ಲಿ ಬೆಳೆಗೆ ಕಾಟ ಕೊಡುವವು ನೂರರ ಆಸುಪಾಸು. ದೊಡ್ಡ ಪಾಲು ಒಣ ಕೊಂಬೆ, ಉದುರಿದೆಲೆಗಳ ಮೇಲಿನ ಬೂಷ್ಟು ತಿಂದು ಬದುಕುತ್ತದೆ. ಸ್ಕೋಲೋಥ್ರಿಪ್ಸ್ ಎಂಬ ಕುಲದವು ಮೈಟ್ ನುಸಿಗಳನ್ನೇ ತಿನ್ನುತ್ತವೆ. ಮಲೇಷ್ಯಾದ ಕಾಡಿನ ಶೋರಿಯಾ ಮರಗಳು ಹಲವು ವರ್ಷಕ್ಕೊಮ್ಮೆ ಒಟ್ಟಾಗಿ ಹೂ ಬಿಟ್ಟಾಗ ಪರಾಗಸ್ಪರ್ಶ ಮಾಡುವುದು ಥ್ರಿಪ್ಸ್ ಎಂದು 1980ರ ದಶಕದಲ್ಲಿ ತಿಳಿಯಿತು. ಸ್ಪೇನಿನಲ್ಲಿ ಸಿಕ್ಕ, ಹತ್ತು ಕೋಟಿ ವರ್ಷಕ್ಕೂ ಹಿಂದಿನ ಅಂಬರಿನೊಳಗೆ ಪರಾಗ ಹೊತ್ತ ಥ್ರಿಪ್ಸ್ ಹಾಗೇ ಉಳಿದಿವೆ. ಆಸ್ಟ್ರೇಲಿಯಾದ ಅಕೇಶಿಯಾ ಮರಗಳ ಎಲೆಗಂಟಿನೊಳಗೆ ವಾಸಿಸುವ ಕೆಲವು ಪ್ರಭೇದಗಳಲ್ಲಿ ಗೂಡು ಕಾಯುವ ಸೈನಿಕರೇ ಬೇರೆ ಇರುತ್ತಾರೆ. 1930ರಲ್ಲಿ ಫಿಜಿ ದ್ವೀಪದವರು ಕ್ಲಿಡೆಮಿಯಾ ಎಂಬ ಕಳೆಯ ಹತೋಟಿಗೆ ಟ್ರಿನಿಡಾಡಿನಿಂದ ಒಂದು ಥ್ರಿಪ್ಸ್ ತರಿಸಿ ಬಿಟ್ಟರು, ಅದು ಕಳೆಯನ್ನು ಗಣನೀಯವಾಗಿ ತಗ್ಗಿಸಿತು.

ಥ್ರಿಪ್ಸ್ ಅಧ್ಯಯನಕ್ಕೆ ದಕ್ಷಿಣ ಭಾರತ ಕೊಟ್ಟದ್ದು ಸಣ್ಣದಲ್ಲ. ಮೆಣಸಿನಕಾಯಿಯ ಹಳದಿ ಥ್ರಿಪ್ಸ್, ಸ್ಕರ್ಟೋಥ್ರಿಪ್ಸ್ ಡಾರ್ಸಾಲಿಸ್, 1919ರಲ್ಲಿ ಹೆಸರು ಪಡೆದದ್ದೇ ದಕ್ಷಿಣ ಭಾರತದ ಮಾದರಿಗಳಿಂದ. ಈಗ ಅದು ಅಮೆರಿಕದ ಫ್ಲಾರಿಡಾದ ಗುಲಾಬಿ, ಸ್ಟ್ರಾಬೆರಿ ಬೆಳೆಗಾರರಿಗೂ ತಲೆನೋವು. ಕೊಯಮತ್ತೂರಿನ ಟಿ.ವಿ. ರಾಮಕೃಷ್ಣ ಅಯ್ಯರ್ 1920ರ ದಶಕದಲ್ಲೇ ಭಾರತದ ಥ್ರಿಪ್ಸ್‌ಗಳ ಪರಿಚಯ ಬರೆದರು. ಮುಂದೆ ಟಿ.ಎನ್. ಅನಂತಕೃಷ್ಣನ್ ಮದರಾಸಿನ ಲಯೋಲಾ ಕಾಲೇಜಿನಿಂದ ಆರಂಭಿಸಿ, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿಯೂ, ಬದುಕಿಡೀ ಈ ಒಂದೇ ಗಣದ ಬೆನ್ನುಹತ್ತಿದರು. ಅವರ ಸಂಗ್ರಹವಾಗಲಿ, ಶಿಷ್ಯರ ಕೆಲಸವಾಗಲಿ ಇರದಿದ್ದರೆ ಬೆಂಗಳೂರಿನ ಪಪ್ಪಾಯಿ ಮೇಲಿನ ಆ ಹುಳು ಹೊರನಾಡಿನದ್ದೆಂದು ಅಷ್ಟು ಬೇಗ ಗುರುತಿಸಲು ಆಗುತ್ತಿರಲಿಲ್ಲ. ಹಳದಿ ಥ್ರಿಪ್ಸ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರೊಳಗೆ ನೋಟಕ್ಕೆ ಒಂದೇ ಆದ, ಅನುವಂಶೀಯವಾಗಿ ಬೇರೆಯಾದ ಹಲವು ಪ್ರಭೇದಗಳಿವೆಯೆಂದು ಈಚೆಗೆ ಡಿಎನ್‌ಎ ಪರೀಕ್ಷೆಗಳು ತೋರಿಸಿವೆ. ಯಾವುದಕ್ಕೆ ಯಾವ ಔಷಧ ನಾಟುತ್ತದೆ ಎಂಬ ಪ್ರಶ್ನೆ ಇದರಿಂದ ಇನ್ನೂ ಜಟಿಲವಾಗಿದೆ.

ಹಾಗಾದರೆ ಹೊಲದಲ್ಲಿ ಏನು ಮಾಡಬೇಕು? ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಹೆಬ್ಬಾಳದ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಧಾರವಾಡ ಮತ್ತು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು ಹೇಳುವುದು ಹೆಚ್ಚುಕಡಿಮೆ ಒಂದೇ: ಹುಳುವಿನ ಪ್ರತಿ ಹಂತಕ್ಕೂ ಬೇರೆ ಅಡ್ಡಿ. ಮಣ್ಣಿನ ಹಂತಕ್ಕೆ ಬೇವಿನ ಹಿಂಡಿ, ಮೆಟರೈಜಿಯಂನಂಥ ಶಿಲೀಂಧ್ರ, ಬೆಳ್ಳಿ ಬಣ್ಣದ ಮಲ್ಚಿಂಗ್ ಹಾಳೆ. ಹಾಳೆ ಬೆಳಕನ್ನು ಮೇಲಕ್ಕೆ ಪ್ರತಿಫಲಿಸುವುದರಿಂದ ಇಳಿಯಲು ಬಂದ ಹುಳು ದಾರಿ ತಪ್ಪುತ್ತದೆ, ಉದುರುವ ಮರಿಗಳಿಗೆ ಮಣ್ಣೂ ಸಿಗದು. ಹಾರುವ ಹುಳುವಿಗೆ ಗಿಡದ ಎತ್ತರಕ್ಕೆ ಕಟ್ಟಿದ ನೀಲಿ ಅಂಟು ಹಾಳೆ. ಎಲೆ, ಹೂವಿನ ಮೇಲಿನ ಮರಿಗೆ ಬೇವಿನ ಸೋಪು, ಹೊಂಗೆ ಸೋಪು. ಬೇಟೆಗಾರ ಕೀಟಗಳಿಗೆ ನೆಲೆಯಾಗಿ ಅಂಚಿಗೆ ಜೋಳ, ಮೆಕ್ಕೆಜೋಳ. ಕೊನೆಯ ಆಯುಧವಾಗಿ ರಾಸಾಯನಿಕ, ಅದೂ ಪ್ರತಿ ಬಾರಿ ಬೇರೆ ಬಗೆಯಲ್ಲಿ ಕೆಲಸ ಮಾಡುವಂಥದ್ದು. ನೀಲಿ ಹಾಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಲ್ಕು ಹಾಳೆ ಕಟ್ಟಿ ಥ್ರಿಪ್ಸ್ ತೀರಿತೆಂದು ಕೂರುವುದಕ್ಕೆ ಅದು ಆಗದು. ಹುಳು ಎಂದಿನಿಂದ ಬರತೊಡಗಿತು, ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಮಾತ್ರ ಅದಕ್ಕಿಂತ ಅಗ್ಗದ ಸಾಧನವಿಲ್ಲ.

ಪ್ರತಿ ಬಾರಿ ಬೇರೆ ಬಗೆಯ ಔಷಧ ಎಂಬುದು ಹೇಳಲು ಸುಲಭ. ಬಾಟಲಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಆ ವಿಷ ಎಷ್ಟು ತೀವ್ರವೆಂದು ಹೇಳುತ್ತದೆ. ಹುಳುವಿನ ದೇಹದಲ್ಲಿ ಅದು ಯಾವ ಬಗೆಯಲ್ಲಿ ಕೆಲಸ ಮಾಡುತ್ತದೆಂದು ಹೇಳುವುದಿಲ್ಲ. ಎರಡು ಕಂಪನಿಯ ಎರಡು ಹೆಸರಿನ ಬಾಟಲಿಯಲ್ಲಿ ಒಂದೇ ವಿಷ ಇರಬಹುದು. ರೈತ ಔಷಧ ಬದಲಿಸಿದೆನೆಂದುಕೊಂಡು ಅದನ್ನೇ ಮತ್ತೆ ಹೊಡೆದಿರುತ್ತಾನೆ. ಬೇರೆ ಬೇರೆ ಬಾಟಲಿಯನ್ನು ಒಂದೇ ಟ್ಯಾಂಕಿಗೆ ಬೆರೆಸುವುದೂ ರೂಢಿಯಾಗಿದೆ. ಹೊಡೆದದ್ದು ಒಣಗಿದ ಕಾಯಿಯಲ್ಲಿ ಉಳಿದರೆ ಹೊರದೇಶದ ಖರೀದಿದಾರರು ಸರಕನ್ನೇ ತಿರಸ್ಕರಿಸುತ್ತಾರೆ, ಅದರ ಹೊರೆಯೂ ಕೊನೆಗೆ ದರದ ರೂಪದಲ್ಲಿ ರೈತನ ಮೇಲೆಯೇ. ಸಲಹೆ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಸಂಜೆ ಗೊಬ್ಬರದಂಗಡಿಯ ಕಟ್ಟೆಗೆ ಒಂದು ಮುದುಡಿದ ಕುಡಿ ಹಿಡಿದು ಬಂದವನಿಗೆ ಐದು ನಿಮಿಷದಲ್ಲಿ ಉತ್ತರ ಬೇಕು. ಆ ಉತ್ತರ ಕೊಡುವವರು ಮಾರಾಟಗಾರರೇ. ಪರಿಕರ ಮಾರಾಟಗಾರರಿಗೆಂದೇ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ಡೇಸಿ ಎಂಬ ಡಿಪ್ಲೊಮಾ ರೂಪಿಸಿದೆ. ಅದರಲ್ಲಿ ಕಲಿತು ಎಲೆ ನೋಡಿ, ಹೂ ಕೊಡವಿ ನೋಡಿ ಮಾತಾಡುವ ಅಂಗಡಿಯವರೂ ಇದ್ದಾರೆ. ಅಂಥವರ ಸಂಖ್ಯೆ ಹೆಚ್ಚಬೇಕು, ಜೊತೆಗೆ ರೈತ ಸಂಪರ್ಕ ಕೇಂದ್ರಗಳಲ್ಲಿ ಒಂದು ಮಸೂರವೂ ಅದನ್ನು ಬಳಸಬಲ್ಲ ಒಬ್ಬರೂ ಇರಬೇಕು.

ಇಷ್ಟು ಚರ್ಚೆಯಲ್ಲಿ ಅಷ್ಟಾಗಿ ಬಾರದ ವಿಷಯ ಸಸಿಯದು. ಈಗ ಮೆಣಸಿನಕಾಯಿ, ಟೊಮೆಟೊ, ಕ್ಯಾಪ್ಸಿಕಂ ಸಸಿಗಳನ್ನು ಟ್ರೇಗಳಲ್ಲಿ ಬೆಳೆಸಿ ಲಾರಿ ತುಂಬ ಜಿಲ್ಲೆಯಿಂದ ಜಿಲ್ಲೆಗೆ, ರಾಜ್ಯದಿಂದ ರಾಜ್ಯಕ್ಕೆ ಸಾಗಿಸುತ್ತಾರೆ. ಬಿಳಿನೊಣವನ್ನು ತಡೆಯಲೆಂದು ನರ್ಸರಿಗಳು ಹಾಕುವ 40 ಮೆಶ್ ಬಲೆಯ ಕಿಂಡಿಗಿಂತ ಥ್ರಿಪ್ಸ್‌ನ ಮೈ ಸಪೂರ, ಅದು ಸಲೀಸಾಗಿ ನುಸುಳುತ್ತದೆ. ಎಲೆಯೊಳಗೆ ಹುದುಗಿದ ಮೊಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಸಿ ಮಾರುವ ಮುನ್ನ ನೀಲಿ ಹಾಳೆ ಕಟ್ಟಿ ಹುಳು ಎಣಿಸಿ ಅದರ ದಾಖಲೆ ರೈತನ ಕೈಗೆ ಕೊಡುವುದು ನರ್ಸರಿಗಳಿಗೆ ದುಬಾರಿಯ ಕೆಲಸವಲ್ಲ. ಪರವಾನಗಿಯ ಷರತ್ತಿನಲ್ಲೇ ಇದನ್ನು ಸೇರಿಸಲು ತೋಟಗಾರಿಕೆ ಇಲಾಖೆಗೆ ಮುಂದಿನ ಮುಂಗಾರಿನವರೆಗೆ ಕಾಯುವ ಅಗತ್ಯವೂ ಇಲ್ಲ.